ಕೋಟಿ ಬೆಲೆಯ ಕುದುರೆಗೂ ತಪ್ಪದ ಗಂಡಾಂತರ: ರೇಸ್ ಕುದುರೆಗಳ ಹೆರಿಗೆ ಯಾಕಿಷ್ಟು ಅಪಾಯ?

2009ರ ಮಾರ್ಚ್ 2ರಂದು ಐರ್ಲೆಂಡಿನಲ್ಲಿ ಅರ್ಬನ್ ಸೀ ಎಂಬ ಇಪ್ಪತ್ತು ವರ್ಷದ ಹೆಣ್ಣು ಕುದುರೆ ಒಂದು ಗಂಡು ಮರಿ ಹಾಕಿತು. ಆ ಹೆರಿಗೆಯ ತೊಡಕಿನಿಂದಲೇ ಸತ್ತುಹೋಯಿತು. ರೇಸ್ ಲೋಕಕ್ಕೆ ಇದು ದೊಡ್ಡ ಸುದ್ದಿ. 1993ರಲ್ಲಿ ಪ್ಯಾರಿಸ್ಸಿನ ಆರ್ಕ್ ದ ತ್ರಿಯೋಂಫ್ ರೇಸ್ ಗೆದ್ದ ಕುದುರೆ ಅದು. ಅದರ ಮಗ ಗೆಲಿಲಿಯೊ 2001ರಲ್ಲಿ ಇಂಗ್ಲೆಂಡಿನ ಡರ್ಬಿ ಗೆದ್ದಿತ್ತು. ಆಮೇಲೆ ಯುರೋಪಿನ ಅತಿ ಬೇಡಿಕೆಯ ತಳಿ ಕುದುರೆಯೂ ಆಯಿತು. ಇನ್ನೊಂದು ಮಗ ಸೀ ದ ಸ್ಟಾರ್ಸ್, ತಾಯಿ ಸತ್ತ ಅದೇ ವರ್ಷ ‘2000 ಗಿನೀಸ್’ ಎಂಬ ರೇಸ್, ಡರ್ಬಿ, ಆರ್ಕ್ ಮೂರನ್ನೂ ಗೆದ್ದಿತು. ಕೊನೆಯ ಹೆರಿಗೆಯಲ್ಲಿ ಹುಟ್ಟಿದ ಮರಿಗೆ ಬಾರ್ನ್ ಟು ಸೀ ಎಂದು ಹೆಸರಿಟ್ಟರು. 2012ರ ಐರಿಷ್ ಡರ್ಬಿಯಲ್ಲಿ ಅದು ಎರಡನೆಯದಾಗಿ ಬಂತು.

ಇದೊಂದೇ ಉದಾಹರಣೆಯಲ್ಲ. ಅಮೆರಿಕದ ರಾಯಲ್ ಡೆಲ್ಟಾ 2011 ಮತ್ತು 2012ರಲ್ಲಿ ಬ್ರೀಡರ್ಸ್ ಕಪ್ ಗೆದ್ದ ಹೆಣ್ಣು ಕುದುರೆ. 2011ರ ಹರಾಜಿನಲ್ಲಿ ಅದರ ಬೆಲೆ 85 ಲಕ್ಷ ಡಾಲರ್ ಮುಟ್ಟಿತ್ತು. 2017ರ ಫೆಬ್ರವರಿಯಲ್ಲಿ ಗೆಲಿಲಿಯೊನ ಮರಿಗೆ ಜನ್ಮ ಕೊಡುವಾಗ ಆದ ತೊಂದರೆಯಿಂದ ಅದೂ ಸತ್ತಿತು. ಆಗ ಅದಕ್ಕಿನ್ನೂ ಒಂಬತ್ತು ವರ್ಷ. ಮುದಿ ಕುದುರೆಯಂತೂ ಅಲ್ಲ.

ಸುತ್ತ ಡಾಕ್ಟರು, ಕ್ಯಾಮೆರಾ, ರಾತ್ರಿ ಕಾವಲು, ಪಕ್ಕದಲ್ಲೇ ಆಸ್ಪತ್ರೆ. ಇಷ್ಟೆಲ್ಲ ಇದ್ದರೂ ಹೀಗಾಗುತ್ತದೆ. ಹಾಗೆಂದು ಗಾಬರಿಯಾಗಬೇಕಿಲ್ಲ, ಬಹುಪಾಲು ಹೆರಿಗೆಗಳು ಯಾರ ಕೈಯೂ ಸೋಕದೆ ಸಲೀಸಾಗಿ ಮುಗಿಯುತ್ತವೆ. ಥರೋಬ್ರೆಡ್ ಎಂಬ ಈ ರೇಸ್ ಕುದುರೆಗಳ ತಳಿಯಲ್ಲಿ ಮರಿ ಅಡ್ಡ ಸಿಕ್ಕಿಕೊಂಡು ಕಷ್ಟವಾಗುವುದು ನೂರರಲ್ಲಿ ನಾಲ್ಕು ಹೆರಿಗೆಗಳಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಕೆಟ್ಟರೆ ಕ್ಷಣದಲ್ಲಿ ಕೆಡುತ್ತದೆ. ದುಡ್ಡಿದ್ದವರು ಕೊಂಡುಕೊಳ್ಳಬಹುದಾದದ್ದು ಹೆಚ್ಚೆಂದರೆ ಕೆಲವು ನಿಮಿಷಗಳನ್ನು. ಅಪಾಯವನ್ನೇ ತೆಗೆದುಹಾಕುವ ದಾರಿಗಳಲ್ಲಿ ಮುಖ್ಯವಾದ ಒಂದನ್ನು ಈ ತಳಿಯವರು ತಾವೇ ಮುಚ್ಚಿಕೊಂಡಿದ್ದಾರೆ.

ಬಾಡಿಗೆ ತಾಯಿ ಇಲ್ಲಿ ನಡೆಯುವುದಿಲ್ಲ

ಬೆಲೆಬಾಳುವ ಹಸುವಿಗೆ ಏನು ಮಾಡುತ್ತಾರೆ? ಭ್ರೂಣ ತೆಗೆದು ಬೇರೆ ಸಾಧಾರಣ ಹಸುವಿನ ಗರ್ಭಕ್ಕೆ ಸೇರಿಸುತ್ತಾರೆ. ಪೋಲೊ ಕುದುರೆಗಳಲ್ಲಿ, ಯುರೋಪಿನ ಜಂಪಿಂಗ್ ಕುದುರೆಗಳಲ್ಲಿ ಇದು ಮಾಮೂಲು. ನಮ್ಮ ದೇಶದಲ್ಲೂ 2023ರಲ್ಲಿ ಬಿಕಾನೇರಿನ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಮಾರ್ವಾಡಿ ತಳಿಯ ಮರಿಯೊಂದು ಬಾಡಿಗೆ ತಾಯಿಯ ಹೊಟ್ಟೆಯಲ್ಲಿ ಬೆಳೆದು ಹುಟ್ಟಿತು.

ಥರೋಬ್ರೆಡ್‌ಗೆ ಮಾತ್ರ ಇದು ನಿಷಿದ್ಧ. ವಂಶಾವಳಿ ದಾಖಲಿಸುವ ಸ್ಟಡ್ ಬುಕ್‌ಗಳೆಲ್ಲ ಒಪ್ಪಿಕೊಂಡ ಅಂತರರಾಷ್ಟ್ರೀಯ ನಿಯಮವೊಂದಿದೆ. ಗಂಡು ಹೆಣ್ಣು ನೇರವಾಗಿ ಕೂಡಬೇಕು, ಕೃತಕ ಗರ್ಭಧಾರಣೆ ಕೂಡದು. ಯಾವ ಕುದುರೆಯ ಹೊಟ್ಟೆಯಲ್ಲಿ ಗರ್ಭ ಕಟ್ಟಿತೋ ಅದೇ ಕುದುರೆ ಹೊರಬೇಕು, ಅದೇ ಹೆರಬೇಕು. ಇಲ್ಲದಿದ್ದರೆ ಆ ಮರಿ ಥರೋಬ್ರೆಡ್ ಎಂದು ನೋಂದಣಿಯಾಗುವುದಿಲ್ಲ, ರೇಸಿನಲ್ಲಿ ಓಡುವಂತಿಲ್ಲ. ಹೀಗಾಗಿ ತಾಯಿ ಕುದುರೆ ಎಷ್ಟು ದುಬಾರಿಯಾಗಿದ್ದರೂ ಅಪಾಯವನ್ನು ಇನ್ನೊಂದರ ಮೇಲೆ ಹಾಕಲು ಬರುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಗಂಡು ಕುದುರೆ ಒಂದು ಹಂಗಾಮಿನಲ್ಲಿ ನೂರಕ್ಕೂ ಹೆಚ್ಚು ಹೆಣ್ಣುಗಳನ್ನು ಕೂಡಬಲ್ಲದು. ಹೆಣ್ಣು ಕೊಡುವುದು ವರ್ಷಕ್ಕೆ ಒಂದೇ ಮರಿ. ಹಾಗಾಗಿ ಒಳ್ಳೆಯ ಹೆಣ್ಣಿನ ಒಂದೊಂದು ವರ್ಷಕ್ಕೂ ಬೆಲೆ ಕಟ್ಟುತ್ತಾರೆ. ಒಂದು ವರ್ಷವೂ ಖಾಲಿ ಹೋಗಬಾರದು ಎಂಬ ಒತ್ತಡ ಅಲ್ಲಿಂದ ಬರುತ್ತದೆ.

ಈ ಒತ್ತಡವನ್ನು ಕ್ಯಾಲೆಂಡರ್ ಇನ್ನೂ ಬಿಗಿ ಮಾಡುತ್ತದೆ. ಉತ್ತರ ಗೋಳಾರ್ಧದಲ್ಲಿ ಎಲ್ಲ ಥರೋಬ್ರೆಡ್‌ಗಳ ಹುಟ್ಟುಹಬ್ಬ ಜನವರಿ 1. ಏಪ್ರಿಲ್‌ನಲ್ಲಿ ಹುಟ್ಟಿದರೂ ಮುಂದಿನ ಜನವರಿ 1ಕ್ಕೆ ಒಂದು ವರ್ಷ ತುಂಬಿತು ಎಂದೇ ಲೆಕ್ಕ. ಬೇಗ ಹುಟ್ಟಿದ ಮರಿ ಎರಡು ವರ್ಷದ ಕುದುರೆಗಳ ರೇಸಿನಲ್ಲಿ ಸ್ವಲ್ಪ ಬಲಿತಿರುತ್ತದೆ, ಹರಾಜಿನಲ್ಲೂ ಮೈ ತುಂಬಿ ಕಾಣುತ್ತದೆ. ಹಾಗಾಗಿ ಎಲ್ಲರಿಗೂ ಜನವರಿ, ಫೆಬ್ರವರಿಯ ಮರಿಯೇ ಬೇಕು. ಕುದುರೆಯ ಗಬ್ಬದ ಅವಧಿ ಸುಮಾರು 340 ದಿನ. ವರ್ಷಕ್ಕೊಂದು ಮರಿ ಬೇಕೆಂದರೆ ಈದ ಮೇಲೆ ಮತ್ತೆ ಗಬ್ಬ ಕಟ್ಟಲು ಉಳಿಯುವುದು 25 ದಿನ. ಈದ ಏಳೆಂಟು ದಿನಕ್ಕೇ ಕುದುರೆ ಮತ್ತೆ ಬೆದೆಗೆ ಬರುತ್ತದೆ ನಿಜ. ಆದರೆ ಹೆರಿಗೆಯ ಪೆಟ್ಟಿನಿಂದ ಗರ್ಭಕೋಶ ಅಷ್ಟರಲ್ಲಿ ಚೇತರಿಸಿಕೊಂಡಿರಬೇಕಲ್ಲ?

ಹಸುವಿಗೆ ಗಂಟೆಗಳು, ಕುದುರೆಗೆ ನಿಮಿಷಗಳು

ಹಸು ಈಯುವುದನ್ನು ನೋಡಿದವರಿಗೆ ಗೊತ್ತು, ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಡಾಕ್ಟರನ್ನು ಕರೆಯಲು, ಅವರು ಬೈಕಿನಲ್ಲಿ ಬರಲು, ಕೈ ಹಾಕಿ ಕರು ತಿರುಗಿಸಲು ಸಮಯ ಸಿಗುತ್ತದೆ. ಕುದುರೆಯ ವಿಷಯ ಹಾಗಲ್ಲ. ನೀರು ಒಡೆದ ಮೇಲೆ 20ರಿಂದ 30 ನಿಮಿಷದಲ್ಲಿ ಮರಿ ಹೊರಗಿರಬೇಕು. ಬಯಲಿನಲ್ಲಿ ಬೇಟೆಗೆ ಬಲಿಯಾಗುವ ಪ್ರಾಣಿ ಬಹಳ ಹೊತ್ತು ನೆಲಕ್ಕೆ ಬಿದ್ದಿರುವಂತಿಲ್ಲ. ಈಯುವುದು ಹೆಚ್ಚಾಗಿ ರಾತ್ರಿ ಹೊತ್ತು. ಯಾರಾದರೂ ಹತ್ತಿರ ಓಡಾಡುತ್ತಿದ್ದರೆ ಮೊದಲ ನೋವಿನ ಹಂತವನ್ನು ಮುಂದೂಡಿಕೊಳ್ಳುವ ಶಕ್ತಿಯೂ ಕುದುರೆಗಿದೆ. ರಾತ್ರಿ ಪೂರ್ತಿ ಕಾದ ಕಾವಲುಗಾರ ಚಹಾ ಕುಡಿಯಲು ಹೋಗಿ ಬರುವಷ್ಟರಲ್ಲಿ ಮರಿ ಬಿದ್ದಿತ್ತು ಎಂಬ ಮಾತು ಕುದುರೆ ಫಾರಂಗಳಲ್ಲಿ ಸುಮ್ನೆ ಹುಟ್ಟಿದ್ದಲ್ಲ.

ಈ ವೇಗಕ್ಕೆ ತಕ್ಕ ಬಲವೂ ಇದೆ. ತಾಯಿ ಐನೂರು, ಆರುನೂರು ಕಿಲೋ ತೂಗುತ್ತದೆ. ಮರಿ ಅದರ ಹತ್ತನೇ ಒಂದು ಭಾಗ, ಸುಮಾರು 50 ಕಿಲೋ. ಉದ್ದ ಕಾಲು, ಉದ್ದ ಕುತ್ತಿಗೆ. ತಾಯಿ ಮುಕ್ಕುವಾಗ ಹೊಟ್ಟೆಯ ಸ್ನಾಯುಗಳ ಶಕ್ತಿ ಎಷ್ಟಿರುತ್ತದೆಂದರೆ, ಒಳಗೆ ಯಾವುದಾದರೂ ಅಡ್ಡ ಸಿಕ್ಕರೆ ಅದು ಹರಿಯಲೇಬೇಕು.

ಸರಿಯಾದ ಹೆರಿಗೆಯಲ್ಲಿ ಮೊದಲು ಎರಡು ಮುಂಗಾಲು ಕಾಣುತ್ತವೆ. ಒಂದು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ. ಆಗ ಭುಜಗಳು ಓರೆಯಾಗಿ ಸೊಂಟದ ಮೂಳೆಯ ಬಳೆಯೊಳಗೆ ನುಸುಳುತ್ತವೆ. ಕಾಲುಗಳ ಮೇಲೆ ಮೂಗು ಇರಬೇಕು. ಕತ್ತು ಹಿಂದಕ್ಕೆ ತಿರುಗಿಕೊಂಡಿದ್ದರೆ, ಮೊಣಕಾಲು ಮಡಚಿದ್ದರೆ, ಹಿಂಭಾಗ ಮೊದಲು ಬಂದರೆ ತೊಂದರೆ ಶುರು. ಹಸುವಿನ ಮಾಸು ಗರ್ಭಕೋಶಕ್ಕೆ ಬಿಡಿ ಬಿಡಿ ಗಂಟುಗಳಲ್ಲಿ ಅಂಟಿರುತ್ತದೆ. ಕುದುರೆಯ ಮಾಸು ಇಡೀ ಗರ್ಭಕೋಶದ ಒಳಗೋಡೆಗೆ ಹರಡಿಕೊಂಡಿರುತ್ತದೆ, ಹೆರಿಗೆ ಶುರುವಾದರೆ ಬೇಗ ಕಳಚುತ್ತದೆ. ಕಳಚಿದರೆ ಮರಿಗೆ ತಾಯಿಯಿಂದ ಆಮ್ಲಜನಕ ನಿಂತಂತೆ. ಹೊರಗೆ ಬಂದಿಲ್ಲವಾದ್ದರಿಂದ ಉಸಿರಾಡಲೂ ಆಗುವುದಿಲ್ಲ. 40 ನಿಮಿಷ ದಾಟಿದರೆ ಮರಿ ಬದುಕುವ ಸಾಧ್ಯತೆ ಬೇಗಬೇಗ ಕುಸಿಯುತ್ತದೆ.

ಕೆಲವೊಮ್ಮೆ ಮರಿ ಬರುವ ಮೊದಲೇ ಮಾಸು ಕಳಚುತ್ತದೆ. ಆಗ ಯೋನಿಯ ಬಾಗಿಲಲ್ಲಿ ಬೆಳ್ಳಗಿನ ಪೊರೆಯ ಬದಲು ಮಖಮಲ್ಲಿನಂಥ ಕೆಂಪು ಚೀಲ ಕಾಣಿಸುತ್ತದೆ. ಇಂಗ್ಲಿಷ್ ಮಾತಾಡುವ ಫಾರಂಗಳಲ್ಲಿ ಇದನ್ನು ರೆಡ್ ಬ್ಯಾಗ್ ಎನ್ನುತ್ತಾರೆ. ಆಗ ಡಾಕ್ಟರಿಗೆ ಫೋನ್ ಮಾಡಿ ಕಾಯುವ ಹಾಗಿಲ್ಲ. ಕೈಗೆ ಸಿಕ್ಕ ಕತ್ತರಿಯಿಂದ ಚೀಲ ಕೊಯ್ದು ಮರಿಯನ್ನು ಎಳೆಯಬೇಕು. ಸೈಸ್‌ಗೆ, ಅಂದರೆ ಕುದುರೆ ನೋಡಿಕೊಳ್ಳುವವರಿಗೆ, ಮೊದಲೇ ಇದನ್ನು ಕಲಿಸಿಟ್ಟಿರುತ್ತಾರೆ.

ಇದಕ್ಕೊಂದು ವಿಚಿತ್ರ ಕಾರಣ ಹುಲ್ಲಿನಲ್ಲಿದೆ. ಅಮೆರಿಕದ ಕೆಂಟಕಿ ಸುತ್ತಮುತ್ತ ಟಾಲ್ ಫೆಸ್ಕ್ಯೂ ಎಂಬ ಹುಲ್ಲು ಜಾಸ್ತಿ. ಅದರೊಳಗೆ ಒಂದು ಶಿಲೀಂಧ್ರ ವಾಸವಾಗಿರುತ್ತದೆ. ಅದು ಹೊರಬಿಡುವ ವಿಷದಿಂದ ಗಬ್ಬದ ಕುದುರೆಯಲ್ಲಿ ಹಾಲಿನ ಹಾರ್ಮೋನು ಇಳಿಯುತ್ತದೆ, ದಿನ ತುಂಬಿದರೂ ಹೆರಿಗೆಯಾಗುವುದಿಲ್ಲ, ಮಾಸು ದಪ್ಪವಾಗಿ ಸುಲಭಕ್ಕೆ ಹರಿಯುವುದಿಲ್ಲ. ಕೆಂಪು ಚೀಲದ ಸಮಸ್ಯೆ ಅಲ್ಲಿ ಹೆಚ್ಚು. ಹಾಗಾಗಿ ಕೊನೆಯ ಎರಡು ಮೂರು ತಿಂಗಳು ಆ ಹುಲ್ಲಿನಿಂದ ಕುದುರೆಯನ್ನು ದೂರ ಇಡುತ್ತಾರೆ. ಔಷಧಿಯಾಗಿ ಕೊಡುವುದು ಡೊಂಪೆರಿಡೋನ್. ನಮ್ಮ ಮನೆಗಳಲ್ಲಿ ವಾಂತಿಗೆ ನುಂಗುವ ಮಾತ್ರೆಯಲ್ಲಿ ಇರುವುದೂ ಅದೇ!

ಮರಿ ಸಿಕ್ಕಿಕೊಂಡಾಗ ಮೊದಲು ಕೈಯಿಂದಲೇ ಸರಿಪಡಿಸಲು ನೋಡುತ್ತಾರೆ. ಆಗದಿದ್ದರೆ ಆಸ್ಪತ್ರೆ. ಅಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು, ಹಿಂಗಾಲುಗಳನ್ನು ಕ್ರೇನಿನಿಂದ ಮೇಲೆತ್ತುತ್ತಾರೆ. ಮರಿ ತಾಯಿಯ ಹೊಟ್ಟೆಯ ಕಡೆಗೆ ಹಿಂದೆ ಜಾರುತ್ತದೆ. ತಿರುಗಿಸಲು ಜಾಗ ಸಿಗುತ್ತದೆ. ಅದೂ ಹದಿನೈದು ನಿಮಿಷದೊಳಗೆ ಆಗದಿದ್ದರೆ ಸಿಸೇರಿಯನ್. ಕೆಂಟಕಿಯ ಲೆಕ್ಸಿಂಗ್ಟನ್ ಊರಿನ ಸುತ್ತ ಕುದುರೆ ಫಾರಂಗಳೂ ದೊಡ್ಡ ಕುದುರೆ ಆಸ್ಪತ್ರೆಗಳೂ ಒತ್ತೊತ್ತಾಗಿವೆ. ಅಲ್ಲಿ ಇದೆಲ್ಲ ಸಾಧ್ಯ. ಆಸ್ಪತ್ರೆಗೆ ಮೂರು ಗಂಟೆ ದಾರಿಯಿರುವ ಕಡೆ ಸಿಸೇರಿಯನ್ ಎನ್ನುವುದು ಬರೀ ಮಾತು.

ಒಳಗೆ ಹರಿಯುವ ರಕ್ತ

ಮರಿ ಚೆನ್ನಾಗಿ ಹುಟ್ಟಿತು, ಎದ್ದು ನಿಂತಿತು. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ತಾಯಿಯ ಮಟ್ಟಿಗೆ ನಿಜವಾದ ಭಯ ಶುರುವಾಗುವುದು ಇಲ್ಲಿಂದ.

ಗರ್ಭಕೋಶಕ್ಕೆ ರಕ್ತ ಕೊಡುವ ದಪ್ಪ ರಕ್ತನಾಳಗಳು, ಗರ್ಭಕೋಶವನ್ನು ಸೊಂಟಕ್ಕೆ ತೂಗುಹಾಕಿರುವ ಅಗಲವಾದ ಪೊರೆಯೊಳಗೆ ಹಾದುಹೋಗುತ್ತವೆ. ಪ್ರತಿ ಗಬ್ಬದಲ್ಲೂ ಅವು ಹಿಗ್ಗಿ ಜಗ್ಗುತ್ತವೆ. ಹತ್ತು ಹನ್ನೆರಡು ಮರಿ ಹಾಕಿದ ಮೇಲೆ ಗೋಡೆಗಳ ಹಿಗ್ಗುವ ಗುಣ ಕಡಿಮೆಯಾಗುತ್ತದೆ. ಮುಕ್ಕುವ ಹೊತ್ತಿನಲ್ಲೋ, ಹೆರಿಗೆಯಾದ ಕೆಲವೇ ಗಂಟೆಗಳಲ್ಲೋ ನಾಳ ಒಡೆಯುತ್ತದೆ. ಹೆಚ್ಚಾಗಿ ವಯಸ್ಸಾದ, ಹಲವು ಮರಿ ಹಾಕಿದ ಕುದುರೆಗಳಲ್ಲಿ ಇದು ಆಗುತ್ತದೆ. ಚಿಕ್ಕ ವಯಸ್ಸಿನವೂ ತಪ್ಪಿಸಿಕೊಂಡಿಲ್ಲ.

ರಕ್ತ ಎಲ್ಲಿಗೆ ಸೋರುತ್ತದೆ ಎಂಬುದರ ಮೇಲೆ ಕುದುರೆಯ ಹಣೆಬರಹ ನಿಂತಿದೆ. ಆ ಪೊರೆಯ ಎರಡು ಪದರಗಳ ನಡುವೆ ಸೋರಿದರೆ ಪೊರೆ ಬಿಗಿದು, ರಕ್ತ ಹೆಪ್ಪುಗಟ್ಟಿ, ಸೋರಿಕೆ ತಾನಾಗಿ ನಿಲ್ಲಬಹುದು. ಪೊರೆ ಹರಿದು ರಕ್ತ ಹೊಟ್ಟೆಯೊಳಗೆ ಹರಿಯತೊಡಗಿದರೆ ತಡೆಯಲು ಏನೂ ಇಲ್ಲ. ಕೆಲವೇ ಹೊತ್ತಿನಲ್ಲಿ ಕುದುರೆ ಬಿದ್ದುಬಿಡುತ್ತದೆ.

ಹೊರಗೆ ರಕ್ತ ಕಾಣುವುದೇ ಇಲ್ಲ, ಪತ್ತೆಯ ಕಷ್ಟ ಅದೇ. ಕುದುರೆ ಬೆವರುತ್ತದೆ, ಮೇಲ್ದುಟಿ ಮಡಚುತ್ತದೆ, ಹೊಟ್ಟೆ ನೋವಿನವರಂತೆ ಕಾಲು ಕೆರೆಯುತ್ತದೆ. ಹೆರಿಗೆಯಾದ ಮೇಲೆ ಗರ್ಭಕೋಶ ಕುಗ್ಗುವಾಗಲೂ ಸ್ವಲ್ಪ ನೋವು ಸಹಜ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ಅನುಭವಿಗಳು ತುಟಿ ಎತ್ತಿ ವಸಡು ನೋಡುತ್ತಾರೆ. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿದ್ದರೆ, ನಾಡಿ ಓಡುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಆಮೇಲೆ ಏನು ಮಾಡಬೇಕು ಎಂಬುದೇ ದೊಡ್ಡ ಇಕ್ಕಟ್ಟು. ಆಸ್ಪತ್ರೆಗೆ ಸಾಗಿಸಿದರೆ ರಕ್ತ ಕೊಡಬಹುದು, ರಕ್ತ ಹೆಪ್ಪುಗಟ್ಟಿಸುವ ಔಷಧಿ ಕೊಡಬಹುದು. ಆದರೆ ಗಾಡಿ ಹತ್ತಿಸಿದರೆ ಕುದುರೆ ಗಾಬರಿಯಾಗುತ್ತದೆ. ಗಾಬರಿಯಾದರೆ ರಕ್ತದೊತ್ತಡ ಏರುತ್ತದೆ. ಒತ್ತಡ ಏರಿದರೆ ಆಗ ತಾನೇ ಕಟ್ಟಿದ ಹೆಪ್ಪು ಕಿತ್ತುಹೋಗಬಹುದು. ಹಾಗಾಗಿ ಎಷ್ಟೋ ಸಲ ಡಾಕ್ಟರು ಹೇಳುವುದು ಇಷ್ಟೇ: ಲಾಯದ ದೀಪ ಆರಿಸಿ, ಸದ್ದು ಮಾಡಬೇಡಿ, ಯಾರೂ ಒಳಗೆ ಹೋಗಬೇಡಿ. ಮರಿಯ ವಿಚಾರದಲ್ಲೂ ಇದೇ ಗೊಂದಲ. ಪಕ್ಕದಲ್ಲಿ ಬಿಟ್ಟರೆ ನೋವಿಗೆ ಬಿದ್ದೇಳುವ ತಾಯಿ ಅದನ್ನು ತುಳಿಯಬಹುದು. ಕಣ್ಣಿಂದ ಮರೆ ಮಾಡಿದರೆ ತಾಯಿ ಹುಚ್ಚೆದ್ದು ಹುಡುಕುತ್ತದೆ. ಸಾಮಾನ್ಯವಾಗಿ ಕಣ್ಣಿಗೆ ಕಾಣುವಂತೆ, ಕಾಲಿಗೆ ಸಿಗದಂತೆ ಮೂಲೆಯಲ್ಲಿ ಅಡ್ಡಗಟ್ಟಿ ಇಡುತ್ತಾರೆ.

ಕೋಟಿಗಟ್ಟಲೆ ಬೆಲೆಯ ಕುದುರೆಗೆ ಕೊಡುವ ಅತ್ಯುತ್ತಮ ಚಿಕಿತ್ಸೆ ಕತ್ತಲು ಮತ್ತು ಮೌನ! ಕೇಳಲು ವಿಚಿತ್ರ, ಅಲ್ವಾ? ಆದರೆ ಆ ನಾಳವನ್ನು ಹುಡುಕಿ ಹೊಲಿಯುವಷ್ಟು ಸಮಯ ಯಾವ ಶಸ್ತ್ರವೈದ್ಯರಿಗೂ ಸಿಗುವುದು ಅಪರೂಪ.

ರೇಚಲ್ ಅಲೆಕ್ಸಾಂಡ್ರಾಳ ಕಥೆ

ರೇಚಲ್ ಅಲೆಕ್ಸಾಂಡ್ರಾ 2009ರಲ್ಲಿ ಅಮೆರಿಕದ ವರ್ಷದ ಕುದುರೆ. ಕೆಂಟಕಿ ಓಕ್ಸ್ ರೇಸನ್ನು ಇಪ್ಪತ್ತು ಕುದುರೆ ಉದ್ದದಷ್ಟು ಅಂತರದಲ್ಲಿ ಗೆದ್ದಿತು. ಆಮೇಲೆ ಗಂಡು ಕುದುರೆಗಳ ಜೊತೆ ಓಡಿ ಪ್ರೀಕ್‌ನೆಸ್ ಗೆದ್ದಿತು. 1924ರ ನಂತರ ಆ ರೇಸ್ ಗೆದ್ದ ಮೊದಲ ಹೆಣ್ಣು ಅದು. ಮೊದಲ ಮರಿ 2012ರಲ್ಲಿ ಸುಸೂತ್ರವಾಗಿ ಹುಟ್ಟಿತು.

ಎರಡನೆಯದು 2013ರ ಫೆಬ್ರವರಿ 12ರಂದು. ಹೆಣ್ಣು ಮರಿ, ತೂಕ ಸುಮಾರು 63 ಕಿಲೋ. ಮಾಮೂಲಿಗಿಂತ ಬಹಳ ದೊಡ್ಡದು. ಹೆರಿಗೆ ಮುಗಿದಾಗ ಭಯ ಪಡುವಂಥದ್ದು ಏನೂ ಕಾಣಲಿಲ್ಲ. ಮರುದಿನ ತಾಯಿಯ ಲಕ್ಷಣ ಬದಲಾಯಿತು. ಲೆಕ್ಸಿಂಗ್ಟನ್ನಿನ ರೂಡ್ ಅಂಡ್ ರಿಡಲ್ ಆಸ್ಪತ್ರೆಗೆ ಸಾಗಿಸಿ ಹೊಟ್ಟೆ ತೆರೆದರು. ಹೆರಿಗೆಯ ವೇಳೆ ಕರುಳಿಗೆ ಪೆಟ್ಟಾಗಿತ್ತು. ಹಾಳಾದ ಭಾಗ ಕತ್ತರಿಸಿ ತೆಗೆದರು.

ಒಳಗೆ ಏನಾಗುತ್ತದೆ ಎಂದರೆ, ಕುದುರೆಯ ಕರುಳಿನ ಕೊನೆಯ ಭಾಗ, ಲದ್ದಿ ಉಂಡೆಗಟ್ಟುವ ಜಾಗ, ಸೊಂಟದ ಹತ್ತಿರವೇ ಸಡಿಲವಾಗಿ ತೂಗುತ್ತಿರುತ್ತದೆ. ದೊಡ್ಡ ಮರಿ ನುಗ್ಗುವಾಗ ಆ ಕರುಳು ಮರಿಗೂ ಸೊಂಟದ ಮೂಳೆಗೂ ನಡುವೆ ಸಿಕ್ಕಿ ಜಜ್ಜಿಹೋಗಬಹುದು. ಅಥವಾ ಅದಕ್ಕೆ ರಕ್ತ ತರುವ ಪೊರೆ ಹರಿಯಬಹುದು. ಆ ಕ್ಷಣಕ್ಕೆ ತೂತೇನೂ ಬಿದ್ದಿರುವುದಿಲ್ಲ. ರಕ್ತವಿಲ್ಲದ ಕರುಳು ನಿಧಾನಕ್ಕೆ ಸಾಯುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಒಳಗಿನ ಬ್ಯಾಕ್ಟೀರಿಯಾ ಹೊಟ್ಟೆಯೊಳಗೆ ಸೋರಿ, ಇಡೀ ಒಳಪೊರೆಗೆ ಸೋಂಕು ಹರಡುತ್ತದೆ. ಹೆರಿಗೆಯ ದಿನ ಚೆನ್ನಾಗಿದ್ದು ಮರುದಿನ ಕೆಡುವುದರ ಗುಟ್ಟು ಇದು. ಈದ ಮೇಲೆ ಮೊದಲ ಲದ್ದಿ ಯಾವಾಗ ಹಾಕಿತು, ಹೇಗಿತ್ತು ಎಂದು ಫಾರಂನವರು ಅಷ್ಟು ಮುತುವರ್ಜಿಯಿಂದ ಬರೆದಿಡುವುದೂ ಇದಕ್ಕೇ.

ರೇಚಲ್ ಬದುಕಿತು. ಆದರೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಒದ್ದಾಡಿತು. ಮರಿಯನ್ನು ಸಾಕುತಾಯಿ ಕುದುರೆಯ ಹಾಲಿಗೆ ಬಿಟ್ಟರು. ರೇಚಲ್ಸ್ ವ್ಯಾಲೆಂಟೀನಾ ಎಂಬ ಆ ಮರಿ 2015ರಲ್ಲಿ ಸ್ಪಿನವೇ ರೇಸ್ ಗೆದ್ದಿತು. ತಾಯಿಯನ್ನು ಮಾಲೀಕರು ಮತ್ತೆ ಗಬ್ಬ ಮಾಡಿಸಲಿಲ್ಲ. ಎರಡೇ ಮರಿಗೆ ನಿಲ್ಲಿಸಿದರು. ಆ ತಳಿಗೆ ಸಿಗಬಹುದಾಗಿದ್ದ ಬೆಲೆ ನೆನೆದರೆ ಇದು ಸಣ್ಣ ನಿರ್ಧಾರವಲ್ಲ. ನನಗೆ ಆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾಗುವುದು ಅದೇ.

ಕರುಳಿನ ಇನ್ನೊಂದು ಗಂಡಾಂತರಕ್ಕೆ ಅವಸರವೇನಿಲ್ಲ, ತಿಂಗಳು ಎರಡು ತಿಂಗಳು ಕಾದು ಬರುತ್ತದೆ. ಕುದುರೆಯ ದೊಡ್ಡ ಕರುಳು ಹೆಚ್ಚುಕಡಿಮೆ ಎಲ್ಲಿಯೂ ಕಟ್ಟಿಹಾಕಿರದ ಭಾರೀ ಕೊಳವೆ. ಹನ್ನೊಂದು ತಿಂಗಳು ಮರಿ ತುಂಬಿಕೊಂಡಿದ್ದ ಜಾಗ ದಿಢೀರನೆ ಖಾಲಿಯಾಗುತ್ತದೆ. ಹಾಲೂಡಿಸುವ ತಾಯಿಗೆ ಧಾನ್ಯವನ್ನೂ ಜಾಸ್ತಿ ಕೊಡುತ್ತಾರೆ, ಗ್ಯಾಸ್ ತುಂಬುತ್ತದೆ. ಒಗೆದ ಸೀರೆ ಹಿಂಡುವಂತೆ ಕರುಳು ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ. ಪೂರ್ತಿ ಸುತ್ತು ತಿರುಚಿದರೆ ರಕ್ತ ನಿಂತು ಕೆಲವೇ ಗಂಟೆಗಳಲ್ಲಿ ಕರುಳು ಸಾಯುತ್ತದೆ. ತಾಯಿ ಕುದುರೆಗಳಲ್ಲಿ ಈದ ಮೊದಲ ಮೂರು ತಿಂಗಳು ಇದರ ಭಯ ಹೆಚ್ಚು. ಬೇಗ ಆಪರೇಷನ್ ಮಾಡಿದರೆ ಬದುಕುತ್ತವೆ, ತಡವಾದರೆ ಇಲ್ಲ. ಇಲ್ಲೂ ಆಸ್ಪತ್ರೆಯ ದೂರವೇ ತೀರ್ಪು ಕೊಡುತ್ತದೆ. ಒಮ್ಮೆ ತಿರುಚಿ ಬದುಕಿದ ಬೆಲೆಬಾಳುವ ಕುದುರೆಗೆ ಕರುಳನ್ನು ಹೊಟ್ಟೆಯ ಗೋಡೆಗೆ ಹೊಲಿದುಬಿಡುವುದೂ ಉಂಟು. ಅಂಥ ಕುದುರೆ ರೇಸ್ ಓಡಲಾರದು, ಮರಿ ಹಾಕಬಲ್ಲದು.

ಮಾಸು ಬೀಳದಿದ್ದರೆ

ಹಸುವಿನ ಮಾಸು ಒಂದು ದಿನ ಬೀಳದೆ ಹೋದರೂ ಹಳ್ಳಿಯವರು ಅಷ್ಟೇನೂ ಹೆದರುವುದಿಲ್ಲ. ಕುದುರೆಗೆ ಗಡುವು ಮೂರು ಗಂಟೆ. ಫಾರಂಗಳಲ್ಲಿ ಒಂದು, ಎರಡು, ಮೂರು ಎಂಬ ಲೆಕ್ಕವಿದೆ. ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ಮಾಸು ಬೀಳಬೇಕು.

ಬೀಳದ ಮಾಸು ಒಳಗೆ ಕೊಳೆಯುತ್ತದೆ. ಗರ್ಭಕೋಶಕ್ಕೆ ಸೋಂಕಾಗಿ, ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರುತ್ತದೆ. ಆಮೇಲೆ ಆಗುವುದು ಗರ್ಭಕೋಶದಿಂದ ಬಹಳ ದೂರದಲ್ಲಿ, ಕಾಲ ತುದಿಯಲ್ಲಿ! ಗೊರಸನ್ನು ಒಳಗಿನ ಮೂಳೆಗೆ ಹಿಡಿದಿಟ್ಟಿರುವ ತೆಳು ಪದರಗಳು ಊದಿಕೊಂಡು ಕಳಚುತ್ತವೆ. ಇದಕ್ಕೆ ಲ್ಯಾಮಿನೈಟಿಸ್ ಎನ್ನುತ್ತಾರೆ. ಮೂಳೆ ಗೊರಸಿನೊಳಗೇ ತಿರುಗಿ ಕೆಳಗೆ ಇಳಿಯುತ್ತದೆ. ಐನೂರು ಕಿಲೋ ಪ್ರಾಣಿ ನಿಲ್ಲುವುದು ಆ ನಾಲ್ಕು ಗೊರಸಿನ ಮೇಲೆ ತಾನೇ? ನೋವು ತಡೆಯಲಾಗದ ಹಂತಕ್ಕೆ ಹೋದರೆ ಕುದುರೆಯನ್ನು ದಯಾಮರಣಕ್ಕೆ ಒಪ್ಪಿಸಬೇಕಾಗುತ್ತದೆ.

ಎಳೆಯಬಾರದು ಎಂಬುದು ಮೊದಲ ಪಾಠ. ಎಳೆದರೆ ಗರ್ಭಕೋಶವೇ ಮಗುಚಿ ಹೊರಬರಬಹುದು, ಇಲ್ಲವೇ ಒಂದು ತುಂಡು ಒಳಗೇ ಉಳಿಯಬಹುದು. ನೇತಾಡುವ ಮಾಸನ್ನು ಕುದುರೆ ತುಳಿಯದಂತೆ ಗಂಟು ಕಟ್ಟಿ, ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಚುಚ್ಚುತ್ತಾರೆ. ಬಿದ್ದ ಮೇಲೆ ಯಾರೂ ಅದನ್ನು ತಕ್ಷಣ ಗುಂಡಿಗೆ ಹಾಕುವುದಿಲ್ಲ. ನೆಲದ ಮೇಲೆ ಹರಡಿ, ಒಂದು ಇಂಚೂ ಬಿಡದೆ ನೋಡುತ್ತಾರೆ. ಗರ್ಭಕೋಶಕ್ಕೆ ಕೊಂಬಿನಂಥ ಎರಡು ಕವಲುಗಳಿವೆ, ಮರಿಯಿಲ್ಲದ ಕವಲಿನಲ್ಲಿದ್ದ ಮಾಸಿನ ತುದಿ ಹರಿದು ಒಳಗೆ ಉಳಿಯುವುದೇ ಹೆಚ್ಚು. ಅಂಗೈಯಗಲದ ತುಂಡು ಸಾಕು, ಮೇಲೆ ಹೇಳಿದ್ದೆಲ್ಲ ಶುರುವಾಗಲು.

ಹೆರಿಗೆಯ ದಾರಿ ಹರಿಯುವ ಗಾಯ ಮಾತ್ರ ವಯಸ್ಸಾದವಕ್ಕಿಂತ ಚೊಚ್ಚಲು ಕುದುರೆಗಳಿಗೆ ಹೆಚ್ಚು. ಮರಿಯ ಕಾಲು ಮೇಲಕ್ಕೆ ಚುಚ್ಚಿ ಗುದದ್ವಾರದವರೆಗೆ ಸೀಳಿಬಿಡಬಹುದು. ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲ. ತಕ್ಷಣ ಹೊಲಿದರೆ ನಿಲ್ಲುವುದಿಲ್ಲ, ಊತ ಇಳಿಯಲು ವಾರಗಟ್ಟಲೆ ಕಾದು ಆಮೇಲೆ ಹೊಲಿಯುತ್ತಾರೆ. ಇದರ ಜೊತೆ ಮನುಷ್ಯರೇ ತಂದಿಟ್ಟ ಒಂದು ತಾಪತ್ರಯವೂ ಇದೆ. ಥರೋಬ್ರೆಡ್ ಹೆಣ್ಣುಗಳಲ್ಲಿ ಯೋನಿಯ ಮೇಲ್ಭಾಗವನ್ನು ಹೊಲಿದು ಮುಚ್ಚುವ ರೂಢಿಯಿದೆ, ಗಾಳಿ ಮತ್ತು ಲದ್ದಿ ಒಳಗೆ ಹೋಗಿ ಗರ್ಭಕ್ಕೆ ಸೋಂಕಾಗದಿರಲಿ ಎಂದು. ಕೆಂಟಕಿಯ ಪಶುವೈದ್ಯ ಕ್ಯಾಸ್ಲಿಕ್ ಇದನ್ನು 1937ರಲ್ಲಿ ವಿವರಿಸಿದರು, ಈಗಲೂ ಅವರದೇ ಹೆಸರು. ಈಯುವ ಕೆಲವು ವಾರ ಮೊದಲು ಆ ಹೊಲಿಗೆ ಬಿಡಿಸಬೇಕು. ಮರೆತರೆ ಮರಿಯೇ ಹರಿದುಕೊಂಡು ಬರುತ್ತದೆ.

ಕಾಯುವ ಕೆಲಸ

ಇಷ್ಟೆಲ್ಲಕ್ಕೂ ಫಾರಂಗಳ ಉತ್ತರ ಕಾವಲು. ಕೆಚ್ಚಲು ತುಂಬುವುದನ್ನು, ತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟುವುದನ್ನು ದಿನವೂ ನೋಡುತ್ತಾರೆ. ಮೇಣ ಕಂಡರೆ ಒಂದೆರಡು ದಿನದಲ್ಲಿ ಹೆರಿಗೆ ಎಂದು ಅಂದಾಜು. ಹಾಲಿನ ಒಂದೆರಡು ಹನಿ ಹಿಂಡಿ ಅದರ ಕ್ಯಾಲ್ಸಿಯಂ ಅಳೆಯುತ್ತಾರೆ. ಅದು ಏರಿದರೆ ಹೆರಿಗೆ ಹತ್ತಿರ. ಯೋನಿಯ ತುಟಿಗೆ ಪುಟ್ಟ ಟ್ರಾನ್ಸ್‌ಮಿಟರ್ ಹೊಲಿಯುವುದೂ ಇದೆ. ಮರಿಯ ಕಾಲು ತೂರಿದೊಡನೆ ಅದರ ಪಿನ್ ಕಳಚಿ ಫೋನ್ ಬಡಿದುಕೊಳ್ಳುತ್ತದೆ. ಅವಳಿ ಮರಿಗಳ ಅಪಾಯವನ್ನಂತೂ ಶುರುವಿನಲ್ಲೇ ಕಳೆಯುತ್ತಾರೆ. ಗಬ್ಬ ಕಟ್ಟಿದ ಎರಡು ವಾರಕ್ಕೆ ಸ್ಕ್ಯಾನ್ ಮಾಡಿ, ಎರಡು ಕಂಡರೆ ಒಂದನ್ನು ತೆಗೆಯುತ್ತಾರೆ. ಕುದುರೆಯ ಗರ್ಭಕೋಶಕ್ಕೆ ಎರಡನ್ನು ಸಾಕುವ ಶಕ್ತಿ ಇಲ್ಲ.

ಈ ಕೆಲಸ ನಮ್ಮವರಿಗೂ ಹೊಸದಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಹೈದರಾಲಿ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಜಾಗ. ಮೊದಲು ಸೈನ್ಯಕ್ಕೆ, ಆಮೇಲೆ ರೇಸಿಗೆ. ತಳಿ ಬದಲಾದರೂ ಲಾಯದ ಹೊರಗೆ ರಾತ್ರಿ ಕಾಯುವ ಕೆಲಸ ಬದಲಾಗುವುದಿಲ್ಲ. ಉತ್ತರ ಭಾರತದ, ಪುಣೆಯ ಸ್ಟಡ್ ಫಾರಂಗಳಲ್ಲೂ ಇದೇ ಕಥೆ. ವ್ಯತ್ಯಾಸ ಇರುವುದು ತೊಂದರೆಯಾದ ಮೇಲೆ. ಕುದುರೆಯ ಹೊಟ್ಟೆ ತೆರೆದು ಆಪರೇಷನ್ ಮಾಡಬಲ್ಲ ಆಸ್ಪತ್ರೆಗಳು ಲೆಕ್ಸಿಂಗ್ಟನ್ನಿನಲ್ಲಿರುವಂತೆ ನಮ್ಮಲ್ಲಿ ಬೀದಿ ತುದಿಗೆ ಇಲ್ಲ. ಹಾಗಾಗಿ ಇಲ್ಲಿ ಸೈಸ್‌ನ ಕಣ್ಣಿಗೇ ಹೆಚ್ಚು ಬೆಲೆ.

ತೊಡಕಿನ ಹೆರಿಗೆ ದಾಟಿ ಬಂದ ಕುದುರೆಯ ಬಗ್ಗೆ ಮಾಲೀಕರು ನಿರ್ಧರಿಸಬೇಕಾದದ್ದು ತಕ್ಷಣ. ಸೋಂಕು, ಗಾಯ ಇದ್ದರೆ ಮೊದಲ ಬೆದೆ ಬಿಟ್ಟುಬಿಡಿ ಎನ್ನುವುದು ಸಾಮಾನ್ಯ ಸಲಹೆ. ಅದರಿಂದ ಮುಂದಿನ ಮರಿ ಮೂರು ವಾರ ತಡವಾಗುತ್ತದೆ, ಅಷ್ಟೇ. ಸೀಳುಗಾಯವಾದರೆ ವರ್ಷವೇ ಖಾಲಿ ಬಿಡಬೇಕಾಗಬಹುದು. ಹಾಗೆ ಬಿಟ್ಟರೆ ಒಂದು ಅನುಕೂಲವೂ ಇದೆ, ಮುಂದಿನ ಹಂಗಾಮಿಗೆ ಫೆಬ್ರವರಿಯಲ್ಲೇ ಕೂಡಿಸಬಹುದು. ರಕ್ತನಾಳ ಒಡೆದು ಬದುಕಿದ ಕುದುರೆಯದ್ದೇ ಕಷ್ಟದ ಪ್ರಶ್ನೆ. ಹಾಗೆ ಬದುಕಿ ಮತ್ತೆ ಚೆನ್ನಾಗಿ ಮರಿ ಹಾಕಿದವು ಇವೆ, ಮುಂದಿನ ಹೆರಿಗೆಯಲ್ಲೇ ಮತ್ತೆ ಒಡೆದು ಸತ್ತವೂ ಇವೆ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ. ಡಾಕ್ಟರು ವಯಸ್ಸು, ಹಿಂದಿನ ಹೆರಿಗೆಗಳು, ಸ್ಕ್ಯಾನಿನಲ್ಲಿ ಕಾಣುವ ಹಳೆಯ ಹೆಪ್ಪಿನ ಗಾತ್ರ ನೋಡಿ ತಮ್ಮ ಅಭಿಪ್ರಾಯ ಕೊಡುತ್ತಾರೆ. ಅದನ್ನು ಕೇಳಿಕೊಂಡು, ಆ ಹಂಗಾಮಿಗೆ ಗಂಡಿನ ಹತ್ತಿರ ಕಳಿಸುವ ಕಾಗದಕ್ಕೆ ಸಹಿ ಹಾಕುವುದೋ ಬೇಡವೋ ಎಂಬುದು ಮಾಲೀಕರಿಗೆ ಬಿಟ್ಟದ್ದು.